ಸೇನೆ ಬಿಟ್ಟ ನೆಲ ಊರಿಗೆ ಸೇರುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಅಂತರ್ಜಲದ ಕುರಿತು ಮಾತನಾಡಲು ಹೋದಾಗಲೆಲ್ಲ ಚರ್ಚೆ ಒಂದಲ್ಲ ಒಂದು ಹಂತದಲ್ಲಿ ಮಿಲಿಟರಿ ಜಮೀನಿನ ಕಡೆಗೆ ಹೊರಳುತ್ತದೆ. ಸೇನೆ ದಶಕಗಳ ಕಾಲ ಬಳಸಿದ ಜಾಗವನ್ನು ಬಿಟ್ಟುಕೊಟ್ಟರೆ ಅಲ್ಲಿ ಮನೆ, ಶಾಲೆ, ಕೈಗಾರಿಕೆ ಕಟ್ಟಬಹುದೇ, ಅದಕ್ಕೆ ಮೊದಲು ಏನೇನು ಆಗಬೇಕು ಎಂಬುದು ಜನರ ಮುಖ್ಯ ಸಂದೇಹ. ರೈತರು, ಪಂಚಾಯಿತಿ ಸದಸ್ಯರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ನೆಲದಡಿಯ ನೀರು ಹೇಗಿದೆ ಎಂಬ ವರದಿ ಕೈಗೆ ಬರುವವರೆಗೆ ಯಾವ ಊರೂ ಅಂಥ ಜಮೀನನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಅಮೆರಿಕ, ಜರ್ಮನಿಗಳ ವಿಷಯವಲ್ಲವೇ? ನಮ್ಮ ಕಡೆ ಸೇನೆ ಬಿಟ್ಟುಹೋದ ಜಾಗ ಎಲ್ಲಿದೆ?

ಚಿತ್ರದುರ್ಗದವರು ಈ ಪ್ರಶ್ನೆ ಕೇಳಿದಾಗ ನಾನು ಬೆಟ್ಟದ ಕಡೆಗೆ ಕೈ ತೋರಿಸುತ್ತೇನೆ. ಏಳು ಸುತ್ತಿನ ಕೋಟೆ ನಾಯಕರ ಕಾಲದಲ್ಲಿ ಪೂರ್ಣ ಪ್ರಮಾಣದ ಸೇನಾ ನೆಲೆಯಾಗಿತ್ತು. 1779ರಲ್ಲಿ ಹೈದರಾಲಿಯ ವಶವಾಯಿತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲಕಾಲ ಬ್ರಿಟಿಷರ ಪಡೆ ಅಲ್ಲಿ ತಂಗಿತ್ತು. ಇಂದು ಅದೇ ಜಾಗದಲ್ಲಿ ಶಾಲಾ ಮಕ್ಕಳು ಪ್ರವಾಸದ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ದಾವಣಗೆರೆ ಜಿಲ್ಲೆಯ ಹರಿಹರದಲ್ಲಿಯೂ 1865ರವರೆಗೆ ದೇಶೀಯ ಸಿಪಾಯಿಗಳ ಪಡೆಯೊಂದು ಬೀಡುಬಿಟ್ಟಿತ್ತು. ಆ ದಂಡು ಹೋದ ನಂತರ ನೆಲ ಮತ್ತೆ ಊರಿನವರ ಬಳಕೆಗೆ ಬಂತು. ಹೀಗಾಗಿ ಸೇನಾ ನೆಲೆ ನಾಗರಿಕ ಬಳಕೆಗೆ ಮರಳುವುದು ನಮಗೆ ಹೊಸ ಸಂಗತಿಯಲ್ಲ. ಬದಲಾಗಿರುವುದು ಸೇನೆ ನೆಲದ ಮೇಲೆ ಬಳಸುವ ವಸ್ತುಗಳು.

ಕೋಟೆಯನ್ನು ಯಾರೂ ಶುದ್ಧೀಕರಿಸಲಿಲ್ಲ. ಈಗಿನ ನೆಲೆಗಳಿಗೆ ಮಾತ್ರ ಅಷ್ಟೊಂದು ಖರ್ಚು ಏಕೆ?

ಕೋಟೆಯೊಳಗೆ ಮದ್ದು ಅರೆಯುತ್ತಿದ್ದ ಜಾಗವನ್ನು ನೋಡಿದವರಿಗೆ ಇದರ ಉತ್ತರ ಬೇಗ ಮನವರಿಕೆಯಾಗುತ್ತದೆ. ತಗ್ಗಿನಲ್ಲಿ ಆಳೆತ್ತರದ ದೊಡ್ಡ ಬೀಸುಗಲ್ಲುಗಳಿವೆ. ಅವುಗಳ ನಡುವೆ ಅರೆದದ್ದು ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು. ಪೆಟ್ಲುಪ್ಪು ಮಳೆಯಲ್ಲಿ ಕರಗಿ ಗಿಡಗಳಿಗೆ ಗೊಬ್ಬರವಾಗಿ ಹೋಗುತ್ತದೆ, ಇದ್ದಿಲು ಮಣ್ಣಿಗೆ ಕೆಡುಕು ಮಾಡುವುದಿಲ್ಲ, ಗಂಧಕವನ್ನು ಸೂಕ್ಷ್ಮಜೀವಿಗಳು ಕ್ರಮೇಣ ಅರಗಿಸಿಕೊಳ್ಳುತ್ತವೆ. ಇನ್ನೂರು ಮುಂಗಾರುಗಳು ಆ ತಗ್ಗನ್ನು ತೊಳೆದ ಮೇಲೆ ಉಳಿದಿರುವುದು ಕಲ್ಲು ಮಾತ್ರ.

ಇಪ್ಪತ್ತನೆಯ ಶತಮಾನದ ಸೇನೆ ಬಳಸಿದ ವಸ್ತುಗಳಿಗೆ ಈ ಗುಣವಿಲ್ಲ. ವಿಮಾನದ ಎಂಜಿನ್ ಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಇಂಧನದ ಬೆಂಕಿ ಆರಿಸುವ ನೊರೆಯಲ್ಲಿರುವ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳು, ಶೆಲ್‌ಗಳಲ್ಲಿ ತುಂಬುವ ಆರ್‌ಡಿಎಕ್ಸ್, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ, ಇವು ಯಾವುವೂ ಮಳೆಗೆ ತೊಳೆದುಹೋಗಿ ಮುಗಿಯುವಂಥವಲ್ಲ. ತೊಳೆದುಹೋದರೂ ಸೇರುವುದು ಕೊಳವೆಬಾವಿಯ ನೀರಿಗೇ.

ಒಂದು ಸೇನಾ ನೆಲೆಯಲ್ಲಿ ಮಾಲಿನ್ಯ ಎಲ್ಲೆಲ್ಲಿ ಇರುತ್ತದೆ?

ನೆಲೆ ಎಂದರೆ ಒಂದು ಸಣ್ಣ ಪಟ್ಟಣ ಎಂದು ತಿಳಿಯಬೇಕು. ಪಟ್ಟಣದ ಎಲ್ಲ ಬೀದಿಗಳೂ ಕೊಳಕಾಗಿರುವುದಿಲ್ಲ. ಸಿಪಾಯಿಗಳ ವಸತಿ, ಕವಾಯತು ಮೈದಾನ, ಆಸ್ಪತ್ರೆ, ಡೇರಿಗಳ ನೆಲದಲ್ಲಿ ಸಾಮಾನ್ಯವಾಗಿ ಹೆಚ್ಚು ತೊಂದರೆ ಕಾಣುವುದಿಲ್ಲ. ಭಾರತದಲ್ಲಿ 1889ರಲ್ಲಿ ಅಲಹಾಬಾದಿನಿಂದ ಆರಂಭವಾದ ಮಿಲಿಟರಿ ಡೇರಿ ಫಾರ್ಮ್‌ಗಳನ್ನು 2021ರ ಮಾರ್ಚ್ 31ರಂದು ಮುಚ್ಚಲಾಯಿತು. ಅಂಥ ಹುಲ್ಲುಗಾವಲನ್ನೂ ಶೆಲ್ ಬಿದ್ದ ಮೈದಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ.

ಅನುಮಾನಿಸಬೇಕಾದ ಜಾಗಗಳು ಬೇರೆ: ವಾಹನ ಮತ್ತು ವಿಮಾನ ರಿಪೇರಿಯ ಶೆಡ್ಡುಗಳು, ನೆಲದಡಿಯ ಇಂಧನ ಟ್ಯಾಂಕುಗಳು, ಅಗ್ನಿಶಾಮಕ ತರಬೇತಿಯ ಅಂಗಳ, ಕಸ ಸುಟ್ಟು ಹೂಳಿದ ಗುಂಡಿಗಳು, ಹಳೆಯ ಮದ್ದುಗುಂಡು ನಾಶಪಡಿಸಿದ ಬಯಲು, ಗುಂಡು ಹಾರಿಸುವ ಮೈದಾನ. ಇವುಗಳಲ್ಲಿ ಜನರ ಕಣ್ಣಿಗೆ ತೀರಾ ನಿರಪಾಯವಾಗಿ ಕಾಣುವುದು ಕೊನೆಯದು. ಗುರಿ ಹಲಗೆಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಒಂದು ಬೊಗಸೆ ಮಣ್ಣು ತೆಗೆದು ಜರಡಿಯಲ್ಲಿ ಆಡಿಸಿದರೆ ಬೂದು ಬಣ್ಣದ, ಚಪ್ಪಟೆಯಾಗಿ ಮುರುಟಿದ ಸೀಸದ ತುಣುಕುಗಳು ಸಿಗುತ್ತವೆ. ಹಳೆಯ ತುಣುಕಾದರೆ ಅದರ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಇರುತ್ತದೆ. ಗಾಳಿ ಮತ್ತು ತೇವ ತಗುಲಿ ಸೀಸ ಕಾರ್ಬೊನೇಟ್ ಆಗಿರುವುದರ ಗುರುತು ಅದು. ಆ ಬಿಳಿ ಪುಡಿ ಬೆರಳಿಗೆ ಹತ್ತುತ್ತದೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಆಡುವ ಮಕ್ಕಳು ಅಂಥ ದಿಬ್ಬದ ಮೇಲೆ ಜಾರುಬಂಡಿ ಆಡುವುದನ್ನು ಯೋಚಿಸಿದರೆ ನನಗೆ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ ಮತ್ತು ಆ ನಷ್ಟವನ್ನು ಆಮೇಲೆ ತುಂಬಿಕೊಡಲು ಆಗುವುದಿಲ್ಲ. ದಿಬ್ಬದ ಮಣ್ಣನ್ನು ಜರಡಿ ಹಿಡಿದು ತುಣುಕುಗಳನ್ನು ಬೇರ್ಪಡಿಸುವುದು, ಉಳಿದ ಮಣ್ಣಿಗೆ ಫಾಸ್ಫೇಟ್ ಬೆರೆಸಿ ಸೀಸವನ್ನು ಸುಲಭವಾಗಿ ಕರಗದ ಖನಿಜವಾಗಿ ಕಟ್ಟಿಹಾಕುವುದು, ಅದೂ ಸಾಲದಿದ್ದರೆ ಮಣ್ಣನ್ನೇ ಅಗೆದು ಅಪಾಯಕಾರಿ ತ್ಯಾಜ್ಯದ ಭರ್ತಿ ತಾಣಕ್ಕೆ ಒಯ್ಯುವುದು ರೂಢಿಯಲ್ಲಿರುವ ಕ್ರಮ.

ಸಿಡಿಯದ ಗುಂಡುಗಳನ್ನು ಹೇಗೆ ಹುಡುಕುತ್ತಾರೆ?

ಹಾರಿಸಿದ ಶೆಲ್‌ಗಳಲ್ಲಿ ಒಂದಿಷ್ಟು ಸಿಡಿಯದೆ ಮಣ್ಣಿನಲ್ಲಿ ಹೂತುಹೋಗುತ್ತವೆ. ಅವನ್ನು ಪತ್ತೆ ಮಾಡಲು ಮುಖ್ಯವಾಗಿ ಎರಡು ಬಗೆಯ ಉಪಕರಣಗಳಿವೆ. ಮೊದಲನೆಯದು ಭೂಮಿಯ ಕಾಂತಕ್ಷೇತ್ರದಲ್ಲಿ ಕಬ್ಬಿಣ ಉಂಟುಮಾಡುವ ಏರುಪೇರನ್ನು ಅಳೆಯುವ ಕಾಂತಮಾಪಕ. ಎರಡನೆಯದು ನೆಲದೊಳಕ್ಕೆ ವಿದ್ಯುತ್ಕಾಂತೀಯ ಮಿಡಿತ ಕಳಿಸಿ, ಲೋಹದಿಂದ ಮರಳುವ ಸಂಕೇತವನ್ನು ಗ್ರಹಿಸುವ ಉಪಕರಣ. ಎಕರೆಗಟ್ಟಲೆ ನೆಲವನ್ನು ಗೆರೆ ಎಳೆದಂತೆ ಸಾಲುಸಾಲಾಗಿ ನಡೆದು ಅಳೆಯಬೇಕು; ಸಂಕೇತ ಬಂದ ಪ್ರತಿ ಬಿಂದುವನ್ನೂ ಕೈಯಿಂದ ಅಗೆದು ನೋಡಬೇಕು. ಅಗೆದ ಬಹುಪಾಲು ಕಡೆ ಸಿಗುವುದು ಮೊಳೆ, ತಂತಿ, ಶೆಲ್ ಚೂರು. ಈಚಿನ ಉಪಕರಣಗಳು ಸಂಕೇತದ ಆಕಾರದಿಂದಲೇ ಚೂರು ಯಾವುದು, ಇಡೀ ಗುಂಡು ಯಾವುದು ಎಂದು ವಿಂಗಡಿಸಲು ನೆರವಾಗುವುದರಿಂದ ಅಗೆಯುವ ಕೆಲಸ ಕಡಿಮೆಯಾಗುತ್ತಿದೆ.

ನಮ್ಮ ಭಾಗದವರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. ಅಂಥ ನೆಲದಲ್ಲಿ ಕಾಂತಮಾಪಕ ಕಲ್ಲಿಗೂ ಕೂಗುತ್ತದೆ, ಗುಂಡಿಗೂ ಕೂಗುತ್ತದೆ. ಅಮೆರಿಕದ ನೌಕಾಪಡೆ ಬಾಂಬ್ ಹಾಕುವ ಅಭ್ಯಾಸಕ್ಕೆ ಬಳಸಿದ್ದ ಹವಾಯಿಯ ಕಹೋಲಾವೆ ದ್ವೀಪದಲ್ಲಿ ಕಬ್ಬಿಣಾಂಶ ತುಂಬಿದ ಜ್ವಾಲಾಮುಖಿ ಮಣ್ಣು ಇದೇ ತೊಡಕನ್ನು ಒಡ್ಡಿತು. ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಒಂದು ಎಕರೆ ಹುಡುಕಲು ಹಾಕಿದ ಲೆಕ್ಕ, ಅದಿರಿನ ಗುಡ್ಡದ ಬುಡದಲ್ಲಿ ಹೊಂದುವುದಿಲ್ಲ. ಗುತ್ತಿಗೆಯ ಅಂದಾಜು ಮಾಡುವವರು ಭೂಪಟ ನೋಡಿದರೆ ಸಾಲದು, ಶಿಲಾಪಟವನ್ನೂ ನೋಡಬೇಕು.

ಹೊಲದಲ್ಲಿ ಅಥವಾ ಕಾವಲಿನಲ್ಲಿ ಗುಂಡಿನಂಥ ವಸ್ತು ಸಿಕ್ಕರೆ ಏನು ಮಾಡಬೇಕು?

ಮುಟ್ಟಬಾರದು, ಒದೆಯಬಾರದು, ಮನೆಗೆ ತರಬಾರದು. ಜಾಗ ಗುರುತಿಟ್ಟುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿ 112ಕ್ಕೆ ಕರೆ ಮಾಡಬೇಕು. ತುಕ್ಕು ಹಿಡಿದ ಮಾತ್ರಕ್ಕೆ ಅದು ಸತ್ತಿದೆ ಎಂದು ತಿಳಿಯುವುದು ಪ್ರಾಣಕ್ಕೆ ಎರವಾಗುತ್ತದೆ. ಹಳೆಯದಾದಷ್ಟೂ ಅದರ ಸಿಡಿಗುಂಡಿ (ಫ್ಯೂಸ್) ಯಾವಾಗ ಕೆಲಸ ಮಾಡುತ್ತದೆಂದು ಹೇಳುವುದು ಕಷ್ಟ. ದೇಶದ ಹಲವು ಫೈರಿಂಗ್ ರೇಂಜ್‌ಗಳ ಪಕ್ಕದ ಹಳ್ಳಿಗಳಲ್ಲಿ ಹಿತ್ತಾಳೆ, ಕಬ್ಬಿಣ ಆಯ್ದು ಗುಜರಿಗೆ ಮಾರಲು ಹೋದವರು ಸತ್ತಿದ್ದಾರೆ, ಕೈಕಾಲು ಕಳೆದುಕೊಂಡಿದ್ದಾರೆ. ಅವರನ್ನು ದುರಾಸೆಯವರೆಂದು ಬೈಯುವುದನ್ನು ನಾನು ಒಪ್ಪುವುದಿಲ್ಲ. ಕೂಲಿ ಸಿಗದ ದಿನ ಕಣ್ಣೆದುರು ಲೋಹ ಬಿದ್ದಿದ್ದರೆ ಮನುಷ್ಯ ಬಗ್ಗಿ ಎತ್ತಿಕೊಳ್ಳುತ್ತಾನೆ. ಲೋಹವನ್ನು ತೆರವು ಮಾಡದೆ ಬಿಟ್ಟವರ ಹೊಣೆ ಅದು.

ಅಂತರ್ಜಲ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ? ಕೊಳವೆಬಾವಿಯ ನೀರು ತಂದುಕೊಟ್ಟರೆ ಪರೀಕ್ಷೆ ಮಾಡುತ್ತಾರೆಯೇ?

ಅನೇಕರು ಉಪ್ಪಿನಕಾಯಿ ಬಾಟಲಿಯಲ್ಲೋ ತಂಪು ಪಾನೀಯದ ಬಾಟಲಿಯಲ್ಲೋ ನೀರು ಹಿಡಿದು ತರುತ್ತಾರೆ. ಫ್ಲೋರೈಡ್ ಎಷ್ಟಿದೆ, ಗಡಸುತನ ಎಷ್ಟಿದೆ ಎಂದು ನೋಡಲು ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕಾಗುತ್ತದೆ. ಟ್ರೈಕ್ಲೋರೋಎಥಿಲೀನ್ ಹುಡುಕಲು ಸಾಲದು, ಏಕೆಂದರೆ ಅದು ನೀರಿನಿಂದ ಗಾಳಿಗೆ ಹಾರಿಹೋಗುವ ವಸ್ತು. ಅದಕ್ಕೆಂದೇ 40 ಮಿಲಿಲೀಟರಿನ ಗಾಜಿನ ಪುಟ್ಟ ಸೀಸೆಗಳಿವೆ. ಸೀಸೆಯನ್ನು ಅಂಚಿನ ಮೇಲೆ ನೀರು ಉಬ್ಬಿ ನಿಲ್ಲುವಂತೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡುತ್ತಾರೆ. ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಮತ್ತೆ ಹಿಡಿಯುವುದು ಲೇಸು. ನಂತರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇಷ್ಟು ಎಚ್ಚರಿಕೆಯಿಂದ ಹಿಡಿಯದ ನೀರಿನಲ್ಲಿ ‘ಏನೂ ಇಲ್ಲ’ ಎಂದು ಬಂದ ವರದಿಗೆ ಬೆಲೆಯಿಲ್ಲ. ಆದ್ದರಿಂದ ವರದಿ ಓದುವಾಗ ಫಲಿತಾಂಶಕ್ಕಿಂತ ಮೊದಲು ನೀರನ್ನು ಹೇಗೆ ಹಿಡಿದರು ಎಂಬ ಪುಟವನ್ನು ಓದಿರಿ.

ಇನ್ನು ನಮ್ಮ ಬಂಡೆಯ ಸಮಸ್ಯೆ. ಗಂಗಾ ಬಯಲಿನಂಥ ಮರಳಿನ ನೆಲದಲ್ಲಿ ಮಲಿನ ನೀರು ಹೊಗೆಯ ಹಾಗೆ ಒಂದು ದಿಕ್ಕಿಗೆ ಹರಡುವುದರಿಂದ ಕೆಲವು ಬಾವಿ ಕೊರೆದು ಅದರ ಅಂಚನ್ನು ಅಂದಾಜು ಮಾಡಬಹುದು. ಚಿತ್ರದುರ್ಗ, ದಾವಣಗೆರೆಗಳಲ್ಲಿ ನೀರು ನೆಲೆಸಿರುವುದು ಗಟ್ಟಿ ಶಿಲೆಯ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ಎರಡಿಂಚು ನೀರು ಬಿದ್ದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಏಳುವುದನ್ನು ನಮ್ಮ ರೈತರು ಕಣ್ಣಾರೆ ಕಂಡಿದ್ದಾರೆ. ಮಾಲಿನ್ಯವೂ ಅದೇ ಬಿರುಕುಗಳಲ್ಲಿ ಹರಿಯುತ್ತದೆ. ಹತ್ತಿರದ ಬಾವಿಯನ್ನು ಬಿಟ್ಟು ದೂರದ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರವಾದ್ದರಿಂದ ಕೆಳಕ್ಕೆ ಇಳಿದು, ಬಿರುಕಿನ ತಳದಲ್ಲಿ ಕುಳಿತು, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕರಗುತ್ತಿರುತ್ತದೆ. ಇದಕ್ಕೆ ವಿಫಲವಾದ ಕೊಳವೆಬಾವಿಗಳು ಮತ್ತಷ್ಟು ದಾರಿ ಮಾಡಿಕೊಡುತ್ತವೆ. ನಮ್ಮಲ್ಲಿ ಮೇಲಿನ ಸಡಿಲ ಪದರಕ್ಕೆ ಮಾತ್ರ ಕೇಸಿಂಗ್ ಇಳಿಸಿ ಕೆಳಗಿನ ಬಂಡೆಯನ್ನು ಹಾಗೆಯೇ ಬಿಡುವ ರೂಢಿ ಇರುವುದರಿಂದ, ಒಂದು ಬಾವಿ ಹಲವು ಹಂತದ ಬಿರುಕುಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ. ಅನುಮಾನವಿರುವ ಜಮೀನಿನಲ್ಲಿ ಬಳಕೆಯಲ್ಲಿಲ್ಲದ ಬಾವಿಗಳನ್ನು ಮಣ್ಣೆಳೆದು ಮುಚ್ಚದೆ, ತಳದಿಂದ ಸಿಮೆಂಟ್ ಗಾರೆ ತುಂಬಿ ಮುಚ್ಚಿಸಬೇಕು.

ಅಂಥ ಜಮೀನಿನಲ್ಲಿ ಇಂಗುಗುಂಡಿ, ಕೃಷಿಹೊಂಡ ಮಾಡಬಹುದೇ?

ನೀರು ಇಂಗಿಸುವುದನ್ನು ಪುಣ್ಯದ ಕೆಲಸವೆಂದು ನಂಬಿದವನು ನಾನು. ಆದರೂ ಇಲ್ಲಿ ಬೇಡ ಎನ್ನುತ್ತೇನೆ. ಮಲಿನವಾದ ಮಣ್ಣಿನ ಮೂಲಕ ಇಂಗಿಸಿದ ನೀರು ಆ ವಿಷವನ್ನು ಕರಗಿಸಿಕೊಂಡು ಕೆಳಕ್ಕೆ ಒಯ್ಯುತ್ತದೆ. ಮಣ್ಣಿನ ಪರೀಕ್ಷೆ ಮುಗಿದು ಆ ತುಂಡು ನೆಲ ಶುದ್ಧವೆಂದು ತೀರ್ಮಾನವಾದ ಮೇಲೆ ಮಾತ್ರ ಮಾಡಬಹುದು.

ಶುದ್ಧೀಕರಣಕ್ಕೆ ಎಷ್ಟು ವರ್ಷ, ಎಷ್ಟು ಹಣ ಬೇಕು?

ನಡೆದ ಕೆಲಸಗಳನ್ನೇ ನೋಡೋಣ. ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ಬಳಿ 1917ರಲ್ಲಿ ಆರಂಭವಾದ ಫೋರ್ಟ್ ಆರ್ಡ್ ಎಂಬ ತರಬೇತಿ ನೆಲೆಗೆ ಸುಮಾರು 28,000 ಎಕರೆ ಇತ್ತು. 1990ರಲ್ಲಿ ಅದು ಅಮೆರಿಕದ ಅತಿ ಮಲಿನ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, 1994ರಲ್ಲಿ ನೆಲೆ ಮುಚ್ಚಿತು. ಮರುವರ್ಷವೇ, ಶುದ್ಧವಿದ್ದ ಭಾಗದ ಹಳೆಯ ಕಟ್ಟಡಗಳಲ್ಲಿ ರಾಜ್ಯ ವಿಶ್ವವಿದ್ಯಾಲಯವೊಂದು ತರಗತಿ ಆರಂಭಿಸಿತು. 2012ರಲ್ಲಿ 14,000ಕ್ಕೂ ಹೆಚ್ಚು ಎಕರೆ ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾಯಿತು. ಅಷ್ಟಾದರೂ ಗುಂಡು ಬಿದ್ದ ಪೊದೆಗಾಡಿನ ತೆರವು ಮತ್ತು ಅಂತರ್ಜಲದ ಶುದ್ಧೀಕರಣ ನೆಲೆ ಮುಚ್ಚಿದ ಮೇಲೆ ದಶಕಗಳ ಕಾಲ ಎಳೆಯಿತು. ಪೊದೆಗಳ ಅಡಿ ನೆಲ ಕಾಣುವುದಿಲ್ಲವೆಂದು ಅಲ್ಲಿ ಹದವರಿತು ಬೆಂಕಿ ಹಾಕಿ ಪೊದೆ ಸುಟ್ಟು, ಆಮೇಲೆ ಹುಡುಕುತ್ತಾರೆ.

ಕೊಲರಾಡೋದ ರಾಕಿ ಮೌಂಟನ್ ಆರ್ಸೆನಲ್ 1942ರಲ್ಲಿ ರಾಸಾಯನಿಕ ಅಸ್ತ್ರಗಳಿಗಾಗಿ ಕಟ್ಟಿದ ಕಾರ್ಖಾನೆ. ಮುಂದೆ ಅಲ್ಲಿ ಕೀಟನಾಶಕಗಳೂ ತಯಾರಾದವು. ಸುಮಾರು 17,000 ಎಕರೆಯ ಆ ಜಾಗದ ಶುದ್ಧೀಕರಣ 2010ರಲ್ಲಿ ಮುಗಿಯುವ ಹೊತ್ತಿಗೆ 210 ಕೋಟಿ ಡಾಲರ್ ಖರ್ಚಾಗಿತ್ತು. ಈಗ ಅದು ಕಾಡೆಮ್ಮೆಗಳು ಮೇಯುವ ವನ್ಯಜೀವಿ ಧಾಮ. ಅಂತರ್ಜಲ ಸೋಸುವ ಘಟಕಗಳನ್ನು ಮಾತ್ರ ನಿಲ್ಲಿಸುವ ಹಾಗಿಲ್ಲ. ಕಹೋಲಾವೆಯಲ್ಲಿ ಹತ್ತು ವರ್ಷ ಮತ್ತು 40 ಕೋಟಿ ಡಾಲರ್ ಎಂಬ ಮಿತಿ ಹಾಕಿಕೊಂಡು ಹೊರಟರು. 2003ರಲ್ಲಿ ಅವಧಿ ಮುಗಿದಾಗ ದ್ವೀಪದ ನಾಲ್ಕನೆಯ ಮೂರು ಪಾಲಿನಷ್ಟು ಮೇಲ್ಮೈ ತೆರವಾಗಿತ್ತು, ನಾಲ್ಕು ಅಡಿ ಆಳದವರೆಗೆ ತೆರವಾದದ್ದು ಹತ್ತನೆಯ ಒಂದು ಪಾಲಿನಷ್ಟು. ಆ ಅನುಭವದಿಂದ ನಾನು ಕಲಿತದ್ದೇನೆಂದರೆ, ಕೆಲಸ ಮುಗಿಯುವುದನ್ನು ದಿನಾಂಕದ ಮೇಲೆ ನಿಗದಿ ಮಾಡಬಾರದು, ನೆಲದ ಸ್ಥಿತಿಯ ಮೇಲೆ ನಿಗದಿ ಮಾಡಬೇಕು.

ಎಲ್ಲ ಮುಗಿದ ಮೇಲೆ ನೆಲ ಪೂರ್ತಿ ಶುದ್ಧವಾಗುತ್ತದೆಯೇ?

‘ಪೂರ್ತಿ’ ಎಂಬ ಮಾತನ್ನು ಈ ಕೆಲಸ ಬಲ್ಲವರು ಬಳಸುವುದಿಲ್ಲ. ಮುಂದಿನ ಬಳಕೆ ಏನು ಎಂಬುದರ ಮೇಲೆ ಶುದ್ಧತೆಯ ಮಟ್ಟ ನಿರ್ಧಾರವಾಗುತ್ತದೆ. ಮಕ್ಕಳು ಮಣ್ಣಿನಲ್ಲಿ ಆಡುವ ವಸತಿ ಬಡಾವಣೆಗೆ ಅತಿ ಕಟ್ಟುನಿಟ್ಟು, ಗೋದಾಮಿಗೆ ಸಡಿಲ, ಯಾರೂ ವಾಸಿಸದ ಅರಣ್ಯಕ್ಕೆ ಇನ್ನೂ ಸಡಿಲ. ಇದರಲ್ಲಿ ತಪ್ಪಿಲ್ಲ. ತಪ್ಪು ನಡೆಯುವುದು ಹತ್ತಿಪ್ಪತ್ತು ವರ್ಷಗಳ ನಂತರ, ಗೋದಾಮಿಗೆಂದು ಶುದ್ಧೀಕರಿಸಿದ ನೆಲವನ್ನು ಯಾರೋ ನಿವೇಶನ ಮಾಡಿ ಮಾರಿದಾಗ.

ಇದನ್ನು ತಡೆಯಲು ‘ಇಲ್ಲಿ ಕೊಳವೆಬಾವಿ ಕೊರೆಯಬಾರದು’, ‘ಮೂರು ಅಡಿಗಿಂತ ಆಳಕ್ಕೆ ಅಗೆಯಬಾರದು’, ‘ವಾಸದ ಮನೆ ಕಟ್ಟಬಾರದು’ ಎಂಬಂಥ ನಿರ್ಬಂಧಗಳನ್ನು ಅಮೆರಿಕದಲ್ಲಿ ಕ್ರಯಪತ್ರದಲ್ಲೇ ಬರೆಯುತ್ತಾರೆ. ನಮ್ಮಲ್ಲಿ ಸರ್ವೆ ನಂಬರಿನ ಪಹಣಿಯಲ್ಲಿ ಋಣ ಮತ್ತು ಹಕ್ಕುಗಳ ಕಲಂ ಇದೆ. ಬ್ಯಾಂಕಿನ ಬೆಳೆ ಸಾಲ ಅಲ್ಲಿ ದಾಖಲಾಗುತ್ತದೆ. ಮಣ್ಣಿನ ನಿರ್ಬಂಧವೂ ಅಲ್ಲೇ ದಾಖಲಾಗಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಒತ್ತಾಯಿಸುತ್ತೇನೆ. ಕಚೇರಿಯ ಬೀರುವಿನಲ್ಲಿರುವ ವರದಿಯನ್ನು ಜಮೀನು ಕೊಳ್ಳುವವನು ನೋಡುವುದಿಲ್ಲ, ಪಹಣಿಯನ್ನು ನೋಡದೆ ಇರುವುದಿಲ್ಲ.

ಒಮ್ಮೆ ಸರಿಯಾಗಿದೆ ಎಂದ ಜಾಗದಲ್ಲಿ ಮತ್ತೆ ಸಮಸ್ಯೆ ಬಂದ ಉದಾಹರಣೆ ಇದೆಯೇ?

ಇದೆ, ಮತ್ತು ಅದು ಎಲ್ಲರೂ ಮಾದರಿ ಎಂದು ಹೊಗಳಿದ ಜಾಗ. ನ್ಯೂ ಹ್ಯಾಂಪ್‌ಶೈರ್‌ನ ಪೀಸ್ ವಾಯುನೆಲೆ 1991ರಲ್ಲಿ ಮುಚ್ಚಿತು. ಅಲ್ಲಿ ವಿಮಾನ ನಿಲ್ದಾಣ, ಕಚೇರಿ, ಕಾರ್ಖಾನೆಗಳು ಬಂದವು, ಶಿಶುವಿಹಾರಗಳೂ ಬಂದವು. 2014ರಲ್ಲಿ ಅಲ್ಲಿನ ಒಂದು ಕುಡಿಯುವ ನೀರಿನ ಬಾವಿಯಲ್ಲಿ ಪಿಎಫ್‌ಒಎಸ್ ಎಂಬ ರಾಸಾಯನಿಕ ಲೀಟರಿಗೆ ಸುಮಾರು 2,500 ನ್ಯಾನೋಗ್ರಾಂ ಇರುವುದು ಪತ್ತೆಯಾಗಿ ಬಾವಿಯನ್ನು ಮುಚ್ಚಿದರು. ಆಗ ಅಮೆರಿಕದ ತಾತ್ಕಾಲಿಕ ಸಲಹಾ ಮಿತಿ 200 ಇತ್ತು; 2024ರಲ್ಲಿ ಹೊರಡಿಸಿದ ನಿಯಮದಲ್ಲಿ ಅದು 4. ಬೆಂಕಿ ಆರಿಸುವ ನೊರೆಯಿಂದ ಬಂದ ಈ ವಸ್ತುವನ್ನು 1991ರಲ್ಲಿ ಯಾರೂ ಹುಡುಕಿರಲಿಲ್ಲ, ಏಕೆಂದರೆ ಹುಡುಕಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ತಮ್ಮ ಮಕ್ಕಳು ಶಿಶುವಿಹಾರದಲ್ಲಿ ಕುಡಿದ ನೀರಿನ ಬಗ್ಗೆ ತಾಯಂದಿರು ಪಟ್ಟುಹಿಡಿದು ಕೇಳಿದ ಮೇಲೆಯೇ ರಕ್ತ ಪರೀಕ್ಷೆಗಳು ನಡೆದವು. ಹಾಗಾಗಿ ಹಸ್ತಾಂತರದ ಕರಾರಿನಲ್ಲಿ ‘ಮುಂದೆ ಹೊಸ ಮಾಲಿನ್ಯ ಕಂಡುಬಂದರೂ ಹಿಂದಿನ ಬಳಕೆದಾರರೇ ಹೊಣೆ’ ಎಂಬ ಸಾಲು ಇರಲೇಬೇಕು.

ಶುದ್ಧೀಕರಣದ ಹಣ ಯಾರು ಕೊಡಬೇಕು?

ಮಲಿನ ಮಾಡಿದವರು ಕೊಡಬೇಕು. ಮಲಿನ ತಾಣಗಳ ಶುದ್ಧೀಕರಣಕ್ಕಾಗಿ ಅಮೆರಿಕ ಮಾಡಿದ 1980ರ ಸೂಪರ್‌ಫಂಡ್ ಕಾನೂನು ಕೇಂದ್ರ ಸರ್ಕಾರದ ಇಲಾಖೆಗಳಿಗೂ ಅನ್ವಯಿಸುತ್ತದೆ. ಸೇನೆ ಜಮೀನು ಬಿಟ್ಟುಕೊಡುವಾಗ ಅಗತ್ಯವಾದ ಶುದ್ಧೀಕರಣ ಆಗಿದೆ, ಮುಂದೆ ಬೇಕಾದರೂ ಮಾಡಿಕೊಡುತ್ತೇವೆ ಎಂದು ಪತ್ರದಲ್ಲಿ ವಚನ ಕೊಡಬೇಕು. ಅದೇ ಅಮೆರಿಕ 1991 ಮತ್ತು 1992ರಲ್ಲಿ ಫಿಲಿಪ್ಪೀನ್ಸ್‌ನ ಕ್ಲಾರ್ಕ್ ಮತ್ತು ಸೂಬಿಕ್ ನೆಲೆಗಳನ್ನು ಬಿಟ್ಟುಹೋದಾಗ ಅಂಥ ಯಾವ ವಚನವೂ ಇರಲಿಲ್ಲ, ಏಕೆಂದರೆ 1947ರ ಒಪ್ಪಂದದಲ್ಲಿ ಶುದ್ಧೀಕರಣದ ಷರತ್ತು ಇರಲಿಲ್ಲ. ಪಿನಾಟುಬೊ ಜ್ವಾಲಾಮುಖಿ ಸಿಡಿದು ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಕ್ಲಾರ್ಕ್‌ನ ಹಳೆಯ ವಾಹನ ರಿಪೇರಿ ಅಂಗಳದ ನೆಲದಲ್ಲಿ ಇರಿಸಿದರು. ಅವರು ಅಲ್ಲಿಯ ಬಾವಿ ನೀರನ್ನೇ ಕುಡಿದರು. ವರ್ಷಗಳ ನಂತರವೂ ಕಾಯಿಲೆಗಳ ದೂರು ನಿಲ್ಲಲಿಲ್ಲ. ಕರಾರಿನಲ್ಲಿ ಬರೆಯದ ಒಂದು ಸಾಲಿನ ಬೆಲೆಯನ್ನು ನಿರಾಶ್ರಿತರು ತೆತ್ತರು.

ಭಾರತದಲ್ಲಿ ‘ಮಲಿನ ಮಾಡಿದವರೇ ತೆರಬೇಕು’ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಕಾರ್ಖಾನೆಗಳ ಪ್ರಕರಣದಲ್ಲಿ ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಶಂಕಿತ ತಾಣಗಳನ್ನು ಜಿಲ್ಲಾಡಳಿತ ಗುರುತಿಸಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು ಎಂಬ ವ್ಯವಸ್ಥೆ ಅದರಲ್ಲಿದೆ. ಯಾವುದೇ ಜಮೀನಿನ ಬಗ್ಗೆ ಗ್ರಾಮಸ್ಥರಿಗೆ ಸಕಾರಣವಾದ ಅನುಮಾನವಿದ್ದರೆ ಜಿಲ್ಲಾಧಿಕಾರಿಗಳಿಗೆ ಲಿಖಿತ ಮನವಿ ಕೊಡಲು ಇದು ಒಳ್ಳೆಯ ಆಧಾರ.

ಭಾರತದಲ್ಲಿ ಸೇನೆಯ ಜಮೀನು ನಾಗರಿಕರಿಗೆ ಮರಳುತ್ತಿದೆಯೇ?

ಅಲ್ಲಲ್ಲಿ ಆರಂಭವಾಗಿದೆ. ರಕ್ಷಣಾ ಇಲಾಖೆಯ ಒಡೆತನದಲ್ಲಿ ಸುಮಾರು 17.78 ಲಕ್ಷ ಎಕರೆ ಇದೆ ಎಂದು 2022ರ ಆರಂಭದಲ್ಲಿ ಮುಗಿದ ಸರ್ವೆ ತಿಳಿಸಿತು, ಅದರಲ್ಲಿ 1.61 ಲಕ್ಷ ಎಕರೆ ಮಾತ್ರ ದಂಡು ಪ್ರದೇಶಗಳೊಳಗಿನದು. ದೇಶದಲ್ಲಿ ಆಗ ಇದ್ದ 62 ದಂಡು ಪ್ರದೇಶಗಳಲ್ಲಿ ಕರ್ನಾಟಕದ್ದು ಬೆಳಗಾವಿ ಒಂದೇ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಯೋಲ್ ದಂಡು ಪ್ರದೇಶದ ನಾಗರಿಕ ಭಾಗವನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟುಕೊಡುವ ನಿರ್ಧಾರವಾಯಿತು. ಇವು ಬಹುಮಟ್ಟಿಗೆ ಅಂಗಡಿ ಬೀದಿ, ವಸತಿಗಳ ಭಾಗಗಳಾದ್ದರಿಂದ ಮಣ್ಣಿನ ಚಿಂತೆ ಕಡಿಮೆ. ಫೈರಿಂಗ್ ರೇಂಜ್‌ಗಳ ವಿಷಯ ಹಾಗಲ್ಲ. ಅವುಗಳಲ್ಲಿ ಹಲವು, ಸೇನೆ ಗುಂಡು ಹಾರಿಸುವ ಅಭ್ಯಾಸಕ್ಕೆಂದೇ ಇರುವ 1938ರ ಕಾಯ್ದೆಯ ಪ್ರಕಾರ ಅವಧಿ ನಿಗದಿಮಾಡಿ ಅಧಿಸೂಚಿಸಿದ, ಜನರು ಈಗಲೂ ಉಳುವ, ದನ ಮೇಯಿಸುವ ನೆಲಗಳು. ಜಾರ್ಖಂಡ್‌ನ ನೇತರಹಾಟ್‌ನಲ್ಲಿ ಆದಿವಾಸಿಗಳು ಮೂರು ದಶಕ ಹೋರಾಡಿದ ಮೇಲೆ 2022ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಅಧಿಸೂಚನೆಯನ್ನು ಮುಂದುವರಿಸದಿರಲು ತೀರ್ಮಾನಿಸಿತು. ಅಧಿಸೂಚನೆ ಮುಗಿದರೆ ಕಾಗದ ಮಾತ್ರ ತೆರವಾಗುತ್ತದೆ, ಮಣ್ಣಿನಲ್ಲಿ ಉಳಿದದ್ದನ್ನು ಪ್ರತ್ಯೇಕವಾಗಿಯೇ ತೆಗೆಯಬೇಕು.

ಹಳೆಯ ಬ್ಯಾರಕ್ ಕಟ್ಟಡಗಳನ್ನು ಹಾಗೆಯೇ ಬಳಸಬಹುದೇ?

ಕಲ್ನಾರು ಶೀಟು ಮತ್ತು ಹಳೆಯ ಸೀಸದ ಬಣ್ಣ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಒಣಗಿದ್ದಾಗ ಒಡೆಯಬಾರದು, ಉಜ್ಜಬಾರದು. ತೋಯಿಸಿ, ಇಡಿಯಾಗಿ ಇಳಿಸಬೇಕು. ಉಳಿದಂತೆ ಗಟ್ಟಿ ಗೋಡೆಯ ಬ್ಯಾರಕ್‌ಗಳು ಹಾಸ್ಟೆಲ್, ತರಬೇತಿ ಕೇಂದ್ರಗಳಿಗೆ ಚೆನ್ನಾಗಿ ಒದಗುತ್ತವೆ.

ಹೊಸದಾಗಿ ಏನು ಮಾಡುವುದು ಒಳ್ಳೆಯದು?

ಎಲ್ಲರಿಗೂ ಮೊದಲು ತೋಚುವುದು ಕೈಗಾರಿಕೆ ಅಥವಾ ನಿವೇಶನ. ಬರ್ಲಿನ್‌ನ ಜನ ಬೇರೆ ದಾರಿ ಹಿಡಿದರು. ಬಹುಕಾಲ ಅಮೆರಿಕದ ವಾಯುಪಡೆ ಬಳಸಿದ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿ, 2010ರಲ್ಲಿ ಸುಮಾರು 300 ಹೆಕ್ಟೇರಿನ ಬಯಲು ಉದ್ಯಾನವಾಗಿ ತೆರೆಯಿತು. 2014ರ ಮೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ ಅಲ್ಲಿ ಏನೂ ಕಟ್ಟುವುದು ಬೇಡವೆಂದು ಜನ ತೀರ್ಮಾನಿಸಿದರು. ಮಳೆ ಕಡಿಮೆಯಿರುವ ನಮ್ಮ ಜಿಲ್ಲೆಗಳಲ್ಲಿ ದಶಕಗಳ ಕಾಲ ಉಳುಮೆ ಕಾಣದ ಹುಲ್ಲುಗಾವಲು ಸಿಕ್ಕರೆ, ಶುದ್ಧವೆಂದು ಖಚಿತವಾದ ಭಾಗವನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಳ್ಳುವುದು ಲಾಭದಾಯಕ ಎಂದು ನಾನು ಭಾವಿಸುತ್ತೇನೆ. ಕುರಿಗಾಹಿಗಳಿಗೆ ಮೇವಿನ ಬೆಲೆ ಗೊತ್ತಿದೆ. ಗುಂಡಿನ ದಿಬ್ಬದ ಸುತ್ತಲಿನ ಹುಲ್ಲನ್ನು ಮಾತ್ರ ದನಗಳಿಗೆ ಬಿಡಬಾರದು: ಮೇಯುವ ದನ ಹುಲ್ಲಿನ ಜೊತೆ ಮಣ್ಣನ್ನೂ ನುಂಗುತ್ತದೆ, ಸೀಸಕ್ಕೆ ದನಗಳು ಬಹುಬೇಗ ಬಲಿಯಾಗುತ್ತವೆ.

ಚಳ್ಳಕೆರೆಯ ಕಾವಲುಗಳ ವಿಷಯವೇನು?

ಇಲ್ಲಿ ನಡೆದಿರುವುದು ಮೇಲೆ ಹೇಳಿದ್ದಕ್ಕೆ ತಿರುಗುಮುರುಗಾದ ಪ್ರಕ್ರಿಯೆ. ಅಮೃತ ಮಹಲ್ ತಳಿಯ ದನಗಳಿಗೆಂದು ಮೀಸಲಿದ್ದ ಕಾವಲುಗಳ ಸುಮಾರು 10,000 ಎಕರೆಯನ್ನು ಹಲವು ಸಂಸ್ಥೆಗಳಿಗೆ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಅಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಅಲ್ಲಿಯ ಓಡುಪಥದಲ್ಲಿ ತಾನಾಗಿ ಇಳಿಯುವಂತೆ ಮಾಡಿತು. ಅದು ಚಾಲ್ತಿಯಲ್ಲಿರುವ ಕೇಂದ್ರ, ಮಲಿನವಾಗಿದೆ ಎಂದು ನಾನು ಹೇಳುತ್ತಿಲ್ಲ. ನನ್ನ ಕಳಕಳಿ ಮುಂದಿನ ತಲೆಮಾರಿನದು. ಐವತ್ತು ವರ್ಷಗಳ ನಂತರ ಆ ನೆಲ ಯಾರಿಗಾದರೂ ಮರಳಿದರೆ ಮೊದಲು ಹೇಗಿತ್ತು ಎಂದು ಹೋಲಿಸಲು ದಾಖಲೆ ಬೇಕು. ಸುತ್ತಲಿನ ಹಳ್ಳಿಗಳ ಬಾವಿಗಳ ನೀರನ್ನು ಈಗಲೇ, ಮಳೆಗೆ ಮೊದಲೊಮ್ಮೆ ಮಳೆಯ ನಂತರವೊಮ್ಮೆ ಪರೀಕ್ಷಿಸಿ ಪಂಚಾಯಿತಿಯಲ್ಲಿ ಇಟ್ಟರೆ ಸಂಸ್ಥೆಗೂ ಒಳ್ಳೆಯದು, ಹಳ್ಳಿಗೂ ಒಳ್ಳೆಯದು. ಮುಂದೆ ಯಾರ ಮೇಲೂ ಸುಳ್ಳು ಆರೋಪ ಹೊರಿಸಲು ಆಗುವುದಿಲ್ಲ.

ಊರಿನವರು ಇದರಲ್ಲಿ ಮಾಡಬಹುದಾದ ಕೆಲಸ ಏನಿದೆ? ಎಲ್ಲವೂ ತಜ್ಞರ ಕೆಲಸವಲ್ಲವೇ?

ತಜ್ಞರು ಬಾವಿ ಕೊರೆಯುವುದು ಎಲ್ಲಿ ಎಂದು ತಿಳಿಯಲು ಯಾರಾದರೂ ಹೇಳಬೇಕಲ್ಲ. ನಕ್ಷೆಯಲ್ಲಿ ಶೆಡ್ಡು ಕಾಣುತ್ತದೆ. ಶೆಡ್ಡಿನ ಹಿಂದೆ ಕಪ್ಪು ಎಣ್ಣೆ ಚೆಲ್ಲುತ್ತಿದ್ದ ಗುಂಡಿ ಕಾಣುವುದಿಲ್ಲ. ಅದು ಗೊತ್ತಿರುವುದು ಅಲ್ಲಿ ಕೂಲಿ ಮಾಡಿದವರಿಗೆ, ಮೆಸ್ಸಿಗೆ ಹಾಲು ಹಾಕಿದವರಿಗೆ, ನಿವೃತ್ತ ಚಾಲಕರಿಗೆ, ಬೇಲಿಯಾಚೆ ಕುರಿ ಕಾಯ್ದವರಿಗೆ. ಅಮೆರಿಕದಲ್ಲಿ ಮುಚ್ಚಿದ ನೆಲೆಗಳಲ್ಲಿ ಸ್ಥಳೀಯರ ಸಲಹಾ ಮಂಡಳಿ ರಚಿಸಿ, ಪ್ರತಿ ವರದಿಯನ್ನೂ ಅವರ ಮುಂದಿಟ್ಟು ಚರ್ಚಿಸುವ ಪದ್ಧತಿ ಇದೆ. ನಮ್ಮಲ್ಲಿ ಗ್ರಾಮಸಭೆ ಅದೇ ಕೆಲಸ ಮಾಡಬಲ್ಲದು.

ಜಮೀನು ಊರಿಗೆ ಬರುವ ಸುದ್ದಿ ಬಂದ ಕೂಡಲೇ ಒಂದು ದಿನ ಹಿರಿಯರನ್ನು ಕೂರಿಸಿ, ಗ್ರಾಮನಕ್ಷೆಯನ್ನು ನೆಲದ ಮೇಲೆ ಹಾಸಿ, ಎಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿ ಗುರುತು ಹಾಕಿಸಿರಿ. ಟ್ಯಾಂಕು ಎಲ್ಲಿತ್ತು, ಬೆಂಕಿ ಆರಿಸುವ ಕಸರತ್ತು ಎಲ್ಲಿ ನಡೆಯುತ್ತಿತ್ತು, ಯಾವ ಬಾವಿಯ ನೀರಿಗೆ ಯಾವ ವರ್ಷ ವಾಸನೆ ಬಂತು, ಯಾವ ಹಳ್ಳದ ಮೀನು ಸತ್ತವು. ಹೇಳಿದವರ ಹೆಸರು, ದಿನಾಂಕ ಬರೆದು ನಡಾವಳಿ ಪುಸ್ತಕದಲ್ಲಿ ದಾಖಲಿಸಿರಿ. ಆ ನಕ್ಷೆಯ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಇನ್ನೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ ಸ್ವೀಕೃತಿ ಪಡೆಯಿರಿ. ಮೊದಲ ಪರೀಕ್ಷಾ ಬಾವಿಯನ್ನು ಹಿರಿಯರು ಗುರುತು ಹಾಕಿದ ಜಾಗದಲ್ಲಿ ಕೊರೆಯಲಿ.